ಏಳು ಹೆಣ್ಣು, ಒಂದು ಗಂಡು

(ಬೆಳಗಾವಿಯ ಟಿಳಕವಾಡಿಯಲ್ಲಿ ಸಾಕುಪ್ರಾಣಿ ಸಾಕುವವರು ಒಂದು ಭಾನುವಾರ ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ನಾನು ಪಶುವೈದ್ಯನಲ್ಲ, ಪ್ರಾಣಿಶಾಸ್ತ್ರ ಓದಿದವನೂ ಅಲ್ಲ. ವಿಜಯಪುರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿ, ನಿವೃತ್ತನಾದ ಮೇಲೆ ಮಗನ ಮನೆಯೆಂದು ಬೆಳಗಾವಿಗೆ ಬಂದು ಕುಳಿತವನು. ಎರಡು ವರ್ಷದ ಹಿಂದಿನವರೆಗೆ ಹ್ಯಾಮ್‌ಸ್ಟರ್ ಎಂಬ ಪ್ರಾಣಿಯನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಕಂಡಾಗ ಬಾಯಿಂದ ಬಂದ ಮೊದಲ ಮಾತು, "ಇಲಿಯನ್ನು ದುಡ್ಡು ಕೊಟ್ಟು ತಂದಿರಾ?" ಎಂಬುದು. ಮೊಮ್ಮಗಳು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು.

ಆಕೆಗೆ ಆಗ ಹದಿಮೂರು. ಹುಟ್ಟುಹಬ್ಬಕ್ಕೆಂದು ಅವಳಪ್ಪ ಎರಡು ಮರಿಗಳನ್ನು ತಂದಿದ್ದ. ಬಂಗಾರದ ಬಣ್ಣ, ಮೊಂಡು ಬಾಲ, ಎರಡೂ ಕೆನ್ನೆಗಳಲ್ಲಿ ಚೀಲ. ಕೊಟ್ಟ ಕಾಳನ್ನೆಲ್ಲ ಆ ಚೀಲಕ್ಕೆ ತುಂಬಿಕೊಂಡು ಹೋಗಿ ಮೂಲೆಯಲ್ಲಿ ಬಚ್ಚಿಡುತ್ತದೆ. ನಮ್ಮ ಹಿರಿಯರು ನೆಲದಲ್ಲಿ ಹಗೇವು ತೋಡಿ ಜೋಳ ತುಂಬಿಡುತ್ತಿದ್ದರಲ್ಲ, ಈ ಪ್ರಾಣಿ ಹಗೇವಿನ ಜೊತೆಗೆ ಅದಕ್ಕೆ ಸಾಗಿಸುವ ಬಂಡಿಯನ್ನೂ ಮುಖದಲ್ಲೇ ಇಟ್ಟುಕೊಂಡಿದೆ. ಕೂಡಿಡುವುದಕ್ಕೆ ಜರ್ಮನ್ ಭಾಷೆಯಲ್ಲಿ ಇದರ ಹೆಸರಿನಿಂದಲೇ ಒಂದು ಕ್ರಿಯಾಪದ ಹುಟ್ಟಿಕೊಂಡಿದೆ. ಅಂಗಡಿಯವರು ಕೊಡುವಾಗ ಹೇಳಿದ್ದು: "ಎರಡೂ ಹೆಣ್ಣು. ಚಿಂತೆ ಮಾಡಬೇಡಿ, ಮರಿ ಹಾಕುವುದಿಲ್ಲ."

ತಿಂಗಳೊಪ್ಪತ್ತಿನಲ್ಲಿ ಹತ್ತಿಯ ಗೂಡಿನೊಳಗೆ ಸಿಪ್ಪೆ ಸುಲಿದ ಹಸಿ ಶೇಂಗಾ ಬೀಜದಂಥವು ಮಿಸುಕಾಡತೊಡಗಿದವು. ಮೂರು ವಾರ ಕಳೆದ ಮೇಲೆ ಮೊಮ್ಮಗಳು ಮರಿಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಅದೇ ಅಂಗಡಿಗೆ ಹೋದಳು. ಅವರು ಒಂದೊಂದನ್ನೇ ಎತ್ತಿ ಹೊಟ್ಟೆಯ ಕಡೆ ನೋಡಿ, ಏಳು ಹೆಣ್ಣು, ಒಂದು ಗಂಡು ಎಂದು ತೀರ್ಪು ಕೊಟ್ಟರು. ಆಕೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಆ ದಿನ ಸಂಜೆ ನಮ್ಮ ಮನೆಯಲ್ಲಿ ಎಷ್ಟು ಸಿದ್ಧಾಂತಗಳು ಹುಟ್ಟಿದವು ಎಂದರೆ, ಒಂದು ವಿಶ್ವವಿದ್ಯಾಲಯದ ವಿಭಾಗಕ್ಕೆ ಸಾಕಾಗುವಷ್ಟು. ಸೌತೆಕಾಯಿ ಹೆಚ್ಚು ಕೊಟ್ಟಿದ್ದರಿಂದ ಹೀಗಾಯಿತು ಎಂದು ಮೊಮ್ಮಗಳು. ಬೆಳಗಾವಿಯ ಮಳೆಗಾಲದ ತಂಪು ಕಾರಣ ಎಂದು ಮಗ. ಈ ತಾಯಿಯ ವಂಶವೇ ಹೆಣ್ಣು ಹಾಕುವ ವಂಶ ಎಂದು ಅಂಗಡಿಯವರು ಮೊದಲೇ ಹೇಳಿ ಕಳಿಸಿದ್ದರು. ಪಕ್ಕದ ಮನೆಯ ವೈನಿಯವರು ಮಾತ್ರ ಸಿದ್ಧಾಂತ ಹೇಳಲಿಲ್ಲ. ಅವರಿಗೆ ಮೂವರು ಹೆಣ್ಣುಮಕ್ಕಳು, ಮೂವರೂ ಈಗ ಅಜ್ಜಿಯಾಗುವ ವಯಸ್ಸಿನವರು. ಪಂಜರದೊಳಗೆ ಇಣುಕಿ, "ಪಾಪ, ಇದಕ್ಕೂ ನನ್ನ ಹಣೆಬರಹವೇ" ಎಂದರು.

ಇವತ್ತಿನ ನನ್ನ ಮಾತೆಲ್ಲ ಆ ಸಂಜೆಗೆ ಕೊಡಬೇಕಾಗಿದ್ದ ಉತ್ತರ.

ಸಭೆ ಶುರುವಾಗುವ ಮೊದಲು ನಿಮ್ಮೆಲ್ಲರಿಗೂ ಒಂದು ಕೆಲಸ ಕೊಟ್ಟಿದ್ದೆ. ಒಂದು ನಾಣ್ಯವನ್ನು ಎಂಟು ಸಲ ಚಿಮ್ಮಿಸಿ, ತಲೆ ಎಷ್ಟು, ಸಂಖ್ಯೆ ಎಷ್ಟು ಎಂದು ಚೀಟಿಯಲ್ಲಿ ಬರೆಯಿರಿ ಎಂದು. ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಕೊಡುವವರಾದ್ದರಿಂದ ಅರ್ಧ ಜನರ ಬಳಿ ನಾಣ್ಯವೇ ಇರಲಿಲ್ಲ. ಪಕ್ಕದವರಿಂದ ಸಾಲ ತೆಗೆದುಕೊಂಡರು. ನಾಣ್ಯದ ಒಂದು ಮುಖ ಹೆಣ್ಣುಮರಿ, ಇನ್ನೊಂದು ಗಂಡುಮರಿ ಎಂದುಕೊಳ್ಳಿ. ಎಂಟು ಸಲ ಚಿಮ್ಮಿಸಿದ್ದು ಎಂಟು ಮರಿಗಳ ಒಂದು ಸೂಲು. ಹೀಗೆ ನೋಡಿದರೆ ಈ ಸಭಾಂಗಣದಲ್ಲಿ ಇವತ್ತು 64 ತಾಯಿ ಹ್ಯಾಮ್‌ಸ್ಟರ್‌ಗಳು ಈದಿವೆ. ಮುಂದಿನ ಸಾಲಿನಲ್ಲಿರುವ ನಿವೃತ್ತ ಪೊಲೀಸ್ ಅಧಿಕಾರಿಗಳೂ ಅದರಲ್ಲಿ ಸೇರಿದ್ದಾರೆ, ಕ್ಷಮಿಸಬೇಕು.

ಈಗ ಕೈ ಎತ್ತಿ. ಸರಿಯಾಗಿ ನಾಲ್ಕು-ನಾಲ್ಕು ಬಂದವರು ಯಾರು? ಹದಿನೈದು ಕೈ. ಐದು-ಮೂರು ಬಂದವರು, ಯಾವ ಕಡೆಗಾದರೂ ಸರಿ? ಮೂವತ್ತು. ಆರು-ಎರಡು? ಹದಿಮೂರು. ಏಳು-ಒಂದು? ಆರು. ಎಂಟಕ್ಕೆ ಎಂಟೂ ಒಂದೇ? ಯಾರೂ ಇಲ್ಲ.

ಕಾಗದದ ಮೇಲಿನ ಲೆಕ್ಕ ಹೀಗಿದೆ. ಎಂಟು ಸಲ ಚಿಮ್ಮಿಸಿದರೆ ಒಟ್ಟು 256 ಬಗೆಯ ಸರಣಿಗಳು ಸಾಧ್ಯ. ಅದರಲ್ಲಿ ನಾಲ್ಕು-ನಾಲ್ಕು ಬರುವುದು 70 ಬಗೆಯಲ್ಲಿ, ಐದು-ಮೂರು 112 ಬಗೆಯಲ್ಲಿ, ಆರು-ಎರಡು 56 ಬಗೆಯಲ್ಲಿ, ಏಳು-ಒಂದು 16 ಬಗೆಯಲ್ಲಿ, ಎಲ್ಲವೂ ಒಂದೇ ಆಗುವುದು ಎರಡೇ ಬಗೆಯಲ್ಲಿ. ಅಂದರೆ 'ಅರ್ಧಕ್ಕರ್ಧ' ಎಂದು ನಾವು ನೆಚ್ಚಿಕೊಂಡಿರುವ ನಾಲ್ಕು-ನಾಲ್ಕು ನೂರರಲ್ಲಿ 27 ಪಂಜರಗಳಲ್ಲಿ ಮಾತ್ರ ಕಾಣುತ್ತದೆ. ಉಳಿದ 73 ಪಂಜರಗಳ ಒಡೆಯರು ಏನೋ ವಿಶೇಷ ನಡೆದಿದೆ ಎಂದು ಕಾರಣ ಹುಡುಕುತ್ತಾ ಕೂರುತ್ತಾರೆ. ಐದು-ಮೂರೇ ಎಲ್ಲಕ್ಕಿಂತ ಸಾಮಾನ್ಯ. ಏಳು-ಒಂದು ಅಥವಾ ಅದಕ್ಕಿಂತಲೂ ಓರೆಯಾದದ್ದು ಸುಮಾರು ಹದಿನಾಲ್ಕು ಸೂಲುಗಳಲ್ಲಿ ಒಂದು. ಇವತ್ತು ನಿಮ್ಮಲ್ಲಿ ಆರು ಜನರಿಗೆ ಅದು ಬಂದಿದೆ. ನಿಮ್ಮಲ್ಲಿ ಯಾರಾದರೂ ನಾಣ್ಯಕ್ಕೆ ಸೌತೆಕಾಯಿ ತಿನ್ನಿಸಿದ್ದಿರಾ?

ಇದನ್ನು ನಮ್ಮ ಊರುಗಳ ಕಟ್ಟೆಯ ಮೇಲೆ ಕುಳಿತ ಹೆಂಗಸರು ಸಂಖ್ಯಾಶಾಸ್ತ್ರ ಓದದೆಯೇ ಬಲ್ಲರು. ಚೌಕಾಬಾರ ಆಡುವಾಗ ನಾಲ್ಕು ಕವಡೆ ಎಸೆಯುತ್ತೇವೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಒಂದು ಆಟದಲ್ಲಿ ಇವೆರಡೂ ಎಷ್ಟೋ ಸಲ ಬೀಳುತ್ತವೆ. ಬಿದ್ದಾಗ ಕೂಗುತ್ತಾರೆ, ಕಾಯಿ ನಡೆಸುತ್ತಾರೆ, ಮತ್ತೆ ಎಸೆಯುತ್ತಾರೆ. 'ಈ ಕವಡೆಯ ವಂಶವೇ ಬೋರಲು ಬೀಳುವ ವಂಶ' ಎಂದು ಯಾರೂ ಹೇಳುವುದಿಲ್ಲ. ನಾಲ್ಕೇ ಮರಿಗಳ ಸೂಲಿನಲ್ಲಿ ನಾಲ್ಕೂ ಒಂದೇ ಲಿಂಗವಾಗುವುದು ಎಂಟರಲ್ಲಿ ಒಂದು ಸಲ. (ಕವಡೆ ನಿಜವಾಗಿ ನಾಣ್ಯದಷ್ಟು ನಿಷ್ಪಕ್ಷಪಾತಿಯಲ್ಲ, ಅದರ ಬೆನ್ನು ಒಂದು ಆಕಾರ, ಹೊಟ್ಟೆ ಇನ್ನೊಂದು. ನಾಣ್ಯಕ್ಕೇ ಅಂಟಿಕೊಂಡದ್ದು ಅದಕ್ಕಾಗಿ.)

ಹಾಗೆಯೇ, ಮೂರು ಹೆರಿಗೆಯಲ್ಲಿ ಮೂರೂ ಹೆಣ್ಣಾಗುವುದು ಸುಮಾರಾಗಿ ಎಂಟರಲ್ಲಿ ಒಂದು. ಮನುಷ್ಯರಲ್ಲಾಗಲಿ ಹ್ಯಾಮ್‌ಸ್ಟರ್‌ನಲ್ಲಾಗಲಿ ಮರಿಯ ಲಿಂಗ ತೀರ್ಮಾನವಾಗುವುದು ಗಂಡಿನ ವೀರ್ಯಾಣು ಎಕ್ಸ್ ವರ್ಣತಂತು ತಂದಿದೆಯೋ ವೈ ತಂದಿದೆಯೋ ಎಂಬುದರ ಮೇಲೆ. ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ತಾಯಿಯ ಅಂಡದಲ್ಲಿ ಇರುವುದು ಎಕ್ಸ್ ಮಾತ್ರ. ಇದನ್ನು ವೈನಿಯವರಿಗೆ ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಅತ್ತೆಯವರು ಬದುಕಿದ್ದಾಗ ನೀವು ಈ ಮನೆಗೆ ಬರಬೇಕಾಗಿತ್ತು" ಎಂದರು.

ಈಗ ಇದರ ಹಿಂದೆ ಅಡಗಿರುವ ಪ್ರಶ್ನೆ. ಅರ್ಧಕ್ಕರ್ಧವೇ ಏಕೆ? ಸೂಲಿನಿಂದ ಸೂಲಿಗೆ ಏರುಪೇರಾದರೂ ಸಾವಿರಾರು ಮರಿಗಳನ್ನು ಎಣಿಸಿದಾಗ ಗಂಡು ಹೆಣ್ಣು ಸುಮಾರು ಸಮಸಮ ಬರುತ್ತವಲ್ಲ, ಅದೇಕೆ? ಆಡು ಸಾಕುವವರು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳುತ್ತಾರೆ. ಇಪ್ಪತ್ತು ಆಡಿಗೆ ಒಂದು ಹೋತ ಸಾಕು. ಹಾಗಿದ್ದ ಮೇಲೆ ಪ್ರಕೃತಿ ಪ್ರತಿ ಸೂಲಿನಲ್ಲಿ ಅರ್ಧ ಹೋತಮರಿಗಳನ್ನು ಏಕೆ ಹುಟ್ಟಿಸುತ್ತದೆ? ಹಿಂಡಿನ ಒಡೆಯನ ಲೆಕ್ಕದಲ್ಲಿ ಇದು ಶುದ್ಧ ದಂಡ.

ಇದಕ್ಕೆ ಪ್ರಸಿದ್ಧವಾದ ಉತ್ತರ ಬಂದದ್ದು 1930ರಲ್ಲಿ, ರೊನಾಲ್ಡ್ ಫಿಶರ್ ಎಂಬ ಇಂಗ್ಲಿಷ್ ವಿಜ್ಞಾನಿಯಿಂದ. ಜರ್ಮನಿಯ ಕಾರ್ಲ್ ಡ್ಯೂಸಿಂಗ್ 1884ರಲ್ಲಿಯೇ ಇದರ ಗಣಿತ ಮಾಡಿಟ್ಟಿದ್ದ, ಜಗತ್ತು ಗಮನಿಸಿರಲಿಲ್ಲ. ಫಿಶರ್ ನಮ್ಮ ಕಸುಬಿನವನು, ನಾನು ಕಾಲೇಜಿನಲ್ಲಿ ಕಲಿಸಿದ ಪಾಠಗಳಲ್ಲಿ ಅರ್ಧ ಅವನವೇ. ಕೋಲ್ಕತ್ತಾದಲ್ಲಿ ಮಹಾಲನೋಬಿಸ್ ಕಟ್ಟಿದ ಸಂಖ್ಯಾಶಾಸ್ತ್ರ ಸಂಸ್ಥೆಗೂ ಬಂದುಹೋದವನು. ಅವನ ವಾದವನ್ನು ಬಾಗಲಕೋಟೆ, ವಿಜಯಪುರದ ರೈತರಿಗೆ ಹೇಳಿಕೊಡಬೇಕಾಗಿಲ್ಲ, ಅವರಿಗೆ ಉಳ್ಳಾಗಡ್ಡಿ ಗೊತ್ತಿದೆ. ಎಲ್ಲರೂ ಉಳ್ಳಾಗಡ್ಡಿ ಹಾಕಿದ ವರ್ಷ ತೊಗರಿ ಹಾಕಿದವನು ಗೆಲ್ಲುತ್ತಾನೆ. ಅದನ್ನು ನೋಡಿ ಎಲ್ಲರೂ ತೊಗರಿಗೆ ಬಿದ್ದರೆ ಉಳ್ಳಾಗಡ್ಡಿಗೆ ಬೆಲೆ ಬರುತ್ತದೆ. ಯಾವುದು ಕಡಿಮೆಯೋ ಅದಕ್ಕೆ ಬೆಲೆ.

ಮರಿಗಳ ಲೆಕ್ಕವೂ ಹೀಗೆಯೇ. ಒಂದು ಬಯಲಿನಲ್ಲಿ ಹತ್ತು ಗಂಡು, ನೂರು ಹೆಣ್ಣು ಹ್ಯಾಮ್‌ಸ್ಟರ್ ಇವೆ ಎನ್ನಿ. ಆ ನೂರು ಹೆಣ್ಣುಗಳು ಒಟ್ಟು 800 ಮರಿ ಹಾಕಿದವು. ಹೆಣ್ಣಿನ ಪಾಲಿಗೆ ತಲಾ ಎಂಟು. ಆದರೆ ಪ್ರತಿ ಮರಿಗೂ ತಾಯಿ ಇದ್ದಂತೆ ತಂದೆಯೂ ಒಬ್ಬನೇ. ಅದೇ 800 ಮರಿಗಳು ಹತ್ತು ಗಂಡುಗಳಿಗೆ ಹಂಚಿಹೋಗಬೇಕು, ತಲಾ 80. ಇಂಥ ಊರಿನಲ್ಲಿ ಗಂಡು ಹಾಕಿದ ತಾಯಿಗೆ ಮೊಮ್ಮಕ್ಕಳು ಹತ್ತು ಪಟ್ಟು. ಗಂಡನ್ನು ಹೆಚ್ಚು ಹಾಕುವ ಗುಣ ಆ ಮೊಮ್ಮಕ್ಕಳ ಮೂಲಕ ಹರಡುತ್ತದೆ, ಹರಡಿದಂತೆ ಗಂಡು ಹೆಚ್ಚುತ್ತದೆ, ಹೆಚ್ಚಿದಂತೆ ಅದರ ಬೆಲೆ ಇಳಿಯುತ್ತದೆ. ತಕ್ಕಡಿ ನಿಲ್ಲುವುದು ಎರಡೂ ಸಮವಾದಾಗ. ಹಿಂಡಿಗೆ ಏನು ಲಾಭ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ, ಒಂದೊಂದು ತಾಯಿಯ ವಂಶ ತನ್ನ ಪಾಡಿಗೆ ಬೆಳೆಯುತ್ತದೆ ಅಷ್ಟೆ. ಉಳ್ಳಾಗಡ್ಡಿಯ ಬೆಲೆ ಮಾತ್ರ ಹೀಗೆ ಒಂದು ಕಡೆ ನಿಲ್ಲುವುದನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ.

ಈ ನಿಯಮ ಮುರಿಯುವ ಜೀವಿಗಳೂ ಇವೆ. ಅತ್ತಿಯ ಹಣ್ಣನ್ನು ಬಿಡಿಸಿದರೆ ಒಳಗೆ ಬರೀ ಹುಳ ಎನ್ನುತ್ತೇವಲ್ಲ, ಅವು ಅತ್ತಿಯ ಕಣಜಗಳು. ಒಂದೇ ಹಣ್ಣಿನಲ್ಲಿ ಹುಟ್ಟಿದ ಅಣ್ಣತಮ್ಮಂದಿರು ಅಲ್ಲಿಯೇ ಹುಟ್ಟಿದ ಹೆಣ್ಣುಗಳಿಗಾಗಿ ಕಿತ್ತಾಡಬೇಕಾದ್ದರಿಂದ ಗಂಡು ಹೆಚ್ಚಿದ್ದು ವ್ಯರ್ಥ, ಹೆಣ್ಣೇ ಬಹಳ. 1967ರಲ್ಲಿ ಹ್ಯಾಮಿಲ್ಟನ್ ಎಂಬ ಜೀವವಿಜ್ಞಾನಿ ಇದನ್ನು ಬಿಡಿಸಿ ತೋರಿಸಿದ. ಹ್ಯಾಮ್‌ಸ್ಟರ್‌ನ ದೂರದ ನೆಂಟ, ಉತ್ತರ ದೇಶಗಳ ಕಾಡಿನ ಲೆಮ್ಮಿಂಗ್ ಎಂಬ ಇಲಿಯಲ್ಲಿ ಒಂದು ವಿಚಿತ್ರ ಎಕ್ಸ್ ವರ್ಣತಂತು ಇದೆ. ಅದಿದ್ದರೆ ಪಕ್ಕದಲ್ಲಿ ವೈ ಇದ್ದರೂ ಹುಟ್ಟುವುದು ಹೆಣ್ಣೇ. ಆದ್ದರಿಂದ ಅಲ್ಲಿಯೂ ಹೆಣ್ಣಿನದೇ ರಾಜ್ಯ.

ನಮ್ಮ ಬಂಗಾರದ ಹ್ಯಾಮ್‌ಸ್ಟರ್ ಕೂಡ ಒಂದು ಸಂದರ್ಭದಲ್ಲಿ ಓರೆಯಾಗುತ್ತದೆ. ಇದನ್ನು ಬಿಟ್ಟು ಮಾತು ಮುಗಿಸಿದರೆ ನಾನು ಅರ್ಧ ಸತ್ಯ ಹೇಳಿದಂತೆ. 1986ರಲ್ಲಿ ಅಮೆರಿಕದ ಸಂಶೋಧಕರು ಗಬ್ಬದ ಹ್ಯಾಮ್‌ಸ್ಟರ್‌ಗಳಿಗೆ ಆಹಾರ ಕಡಿತ ಮಾಡಿ ನೋಡಿದರು. ಅವು ಹಾಕಿದ ಸೂಲುಗಳು ಚಿಕ್ಕವಾಗಿದ್ದವು, ಗಂಡುಮರಿಗಳ ಪಾಲು ಕಡಿಮೆಯಾಗಿತ್ತು, ಹುಟ್ಟಿದ ಗಂಡುಮರಿಗಳು ಸರಿಯಾಗಿ ಬೆಳೆಯಲಿಲ್ಲ. ಎಳವೆಯಲ್ಲಿ ಹಸಿದಿದ್ದು ಆಮೇಲೆ ಹೊಟ್ಟೆತುಂಬ ತಿಂದ ಹೆಣ್ಣುಗಳಲ್ಲಿಯೂ ಇದರ ನೆರಳು ಕಂಡಿತು. 1973ರಲ್ಲಿ ಟ್ರಿವರ್ಸ್ ಮತ್ತು ವಿಲ್ಲರ್ಡ್ ಎಂಬ ಇಬ್ಬರು ಹೇಳಿದ್ದ ಊಹೆಗೆ ಇದು ಹೊಂದುತ್ತದೆ: ಬಡಕಲು ಮಗ ಬೇರೆ ಗಂಡುಗಳೊಡನೆ ಸೆಣಸಿ ಸಂಗಾತಿ ಗಳಿಸುವುದು ಕಷ್ಟ, ಬಡಕಲು ಮಗಳಿಗೆ ಹೇಗೋ ಮರಿಯಾಗುತ್ತವೆ. ಹಸಿದ ತಾಯಿಗೆ ಮಗಳೇ ಲಾಭ. ತಾಯಿ ಕುಳಿತು ಆಯ್ಕೆ ಮಾಡುತ್ತಾಳೆ ಎಂದಲ್ಲ, ಕೆಲವು ಭ್ರೂಣಗಳು ಬೆಳೆಯದೆ ಹೊಟ್ಟೆಯಲ್ಲೇ ಕರಗಿಹೋಗಬಹುದು.

ಇದನ್ನು ಕೇಳಿ ಮನೆಗೆ ಹೋಗಿ ಯಾರೂ ಹೆಣ್ಣುಮರಿಗಾಗಿ ತಾಯಿಯನ್ನು ಉಪವಾಸ ಕೆಡವಬಾರದು. ಹಸಿದ, ಹೆದರಿದ ತಾಯಿ ಹ್ಯಾಮ್‌ಸ್ಟರ್ ತನ್ನ ಮರಿಗಳನ್ನೇ ತಿನ್ನುತ್ತದೆ. ಮೊದಲ ಸೂಲಿನ ತಾಯಿಯಂತೂ ಇನ್ನೂ ಬೆದರು. ಹತ್ತು ದಿನ ಪಂಜರಕ್ಕೆ ಕೈ ಹಾಕಬೇಡಿ, ಮರಿ ಮುಟ್ಟಬೇಡಿ, ನೀರು ಮತ್ತು ಕಾಳು ಇಟ್ಟು ಈಚೆ ಬನ್ನಿ. ನಿಮ್ಮ ಮನೆಯ ಪಂಜರದಲ್ಲಿ ತಟ್ಟೆ ತುಂಬ ಸೂರ್ಯಕಾಂತಿ ಬೀಜ ಇರುವಾಗ ಆ ಪ್ರಯೋಗಾಲಯದ ಹಸಿವನ್ನು ನಿಮ್ಮ ಏಳು-ಒಂದಕ್ಕೆ ಕಾರಣ ಮಾಡುವುದೂ ಬೇಡ.

ಅಂದಹಾಗೆ, ಫಿಶರ್ ಬರೆದ ಅದೇ 1930ರಲ್ಲಿ ಇನ್ನೊಂದು ಘಟನೆ ನಡೆಯಿತು. ಜೆರುಸಲೇಮಿನ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಸಿರಿಯಾದ ಅಲೆಪ್ಪೊ ಬಳಿಯ ಹೊಲವೊಂದನ್ನು ಅಗೆಸಿ ಒಂದು ತಾಯಿ ಮತ್ತು ಹನ್ನೊಂದು ಮರಿಗಳನ್ನು ಹಿಡಿದ. ಕಾಲಾ ಅಜಾರ್ ಎಂಬ ಜ್ವರದ ರೋಗದ ಸಂಶೋಧನೆ ಮಾಡುತ್ತಿದ್ದ ಸಾಲ್ ಆಡ್ಲರ್ ಎಂಬ ವಿಜ್ಞಾನಿಗೆ ಅವು ಬೇಕಾಗಿದ್ದವು. ಆ ರೋಗದ ಪರೋಪಜೀವಿಯನ್ನು 1903ರಲ್ಲಿ ಗುರುತಿಸಿದವರಲ್ಲಿ ಒಬ್ಬ ಮದರಾಸಿನಲ್ಲಿದ್ದ ಡೊನೊವನ್ ಎಂಬುದನ್ನು ನೆನಪಿಸಿಕೊಂಡರೆ, ನಮ್ಮ ದೇಶಕ್ಕೂ ಈ ಪ್ರಾಣಿಗೂ ಹಳೆಯ ನಂಟಿದೆ. ದಾರಿಯಲ್ಲಿ ಕೆಲವು ಸತ್ತವು, ಕೆಲವು ತಪ್ಪಿಸಿಕೊಂಡವು. ಉಳಿದ ಒಂದು ಹಿಡಿ ಅಣ್ಣತಂಗಿಯರಿಂದಲೇ ಸಂತತಿ ಬೆಳೆಯಿತು. ಸುಮಾರು ಹದಿನಾರು ದಿನದ ಗಬ್ಬ, ಒಂದು ಸೂಲಿಗೆ ಎಂಟು ಹತ್ತು ಮರಿ ಎಂದ ಮೇಲೆ ಬೆಳೆಯಲು ಎಷ್ಟು ಹೊತ್ತು? ಇವತ್ತು ಜಗತ್ತಿನ ಮನೆಗಳಲ್ಲಿರುವ ಬಂಗಾರದ ಹ್ಯಾಮ್‌ಸ್ಟರ್‌ಗಳು ಬಹುಪಾಲು ಆ ಒಂದೇ ಸೂಲಿನ ಕುಡಿಗಳು.

ಈಗ ನನ್ನ ಕಥೆಯ ಮುಜುಗರದ ಭಾಗಕ್ಕೆ ಬರುತ್ತೇನೆ.

ನಾನು ಏಳು-ಒಂದರ ಬಗ್ಗೆ ಮನೆಯಲ್ಲಿ ಇಷ್ಟೆಲ್ಲ ಪಾಠ ಮಾಡಿದೆನಲ್ಲ, ಕೇಳಲೇಬೇಕಾಗಿದ್ದ ಮೊದಲ ಪ್ರಶ್ನೆಯನ್ನು ಕೇಳಿರಲಿಲ್ಲ. ಎಣಿಸಿದವರು ಯಾರು? ತಾಯಿ ಹೆಣ್ಣು, ಜೊತೆಗಿರುವುದೂ ಹೆಣ್ಣು ಎಂದು ಕೊಟ್ಟು ಎಂಟು ಮರಿ ಹಾಕಿಸಿದ ಅದೇ ಕಣ್ಣುಗಳು! ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಹೇಳಿದ್ದೇನೆ: ಲೆಕ್ಕಕ್ಕೆ ಕೈ ಹಾಕುವ ಮೊದಲು ಮಾಹಿತಿ ಎಲ್ಲಿಂದ ಬಂತು ನೋಡಿ ಎಂದು. ಮನೆಯ ಪಂಜರದ ಮುಂದೆ ಮರೆತೆ.

ಮೊಮ್ಮಗಳು ಆ ಒಂದು 'ಗಂಡನ್ನು' ಬೇರೆ ಮಾಡಿ, ಉಳಿದ ಏಳು 'ಹೆಣ್ಣು'ಗಳನ್ನು ಒಟ್ಟಿಗೆ ಇಟ್ಟಳು. ಆರನೆಯ ವಾರ ಮರಿಯೊಂದರ ಕಣ್ಣಿಗೆ ಸೋಂಕಾಯಿತೆಂದು ಪಶುವೈದ್ಯರ ಬಳಿ ಹೋದೆವು. ಅವರು ಪಂಜರ ನೋಡಿ, "ಸರ್, ಇವುಗಳಲ್ಲಿ ಎರಡು ಗಂಡಿವೆಯಲ್ಲ?" ಎಂದರು. ನೋಟ್‌ಬುಕ್ಕಿನಲ್ಲಿ ಏಳು-ಒಂದನ್ನು ಹೊಡೆದು ಐದು-ಮೂರು ಎಂದು ಬರೆದೆವು. ಎಲ್ಲಕ್ಕಿಂತ ಸಾಮಾನ್ಯವಾದ ಐದು-ಮೂರು. ನನ್ನ ಪಾಠದ ಅಂದವಾದ ಉದಾಹರಣೆ ಅಲ್ಲಿಗೆ ಹೋಯಿತು.

ಹೋದದ್ದು ಉದಾಹರಣೆ ಮಾತ್ರವಲ್ಲ. ಹ್ಯಾಮ್‌ಸ್ಟರ್ ಮರಿಗಳು ನಾಲ್ಕರಿಂದ ಆರು ವಾರದೊಳಗೆ ಬೆದೆಗೆ ಬರುತ್ತವೆ. ಮುಂದಿನ ಎರಡು ವಾರಗಳಲ್ಲಿ ಐದು ಅಕ್ಕತಂಗಿಯರಲ್ಲಿ ಮೂರು ಈದವು. ಅಲೆಪ್ಪೊದ ಇತಿಹಾಸ ಟಿಳಕವಾಡಿಯಲ್ಲಿ ಮರುಕಳಿಸಿತು. ಒಂದು ಸೂಲಿನಲ್ಲಿ ಆರು, ಒಂದರಲ್ಲಿ ಏಳು, ಒಂದರಲ್ಲಿ ಒಂಬತ್ತು. ಸೊಸೆ ಅಡುಗೆಮನೆಯ ಡಬ್ಬಿಗಳನ್ನು ಬೀಗ ಹಾಕಿ ಇಡತೊಡಗಿದಳು. ನನಗೆ ಮಾತ್ರ ಒಳಗೊಳಗೆ ಸಂತೋಷ, ಮಾದರಿಯ ಗಾತ್ರ ಬೆಳೆಯಿತಲ್ಲ.

ಈ ಸಲ ಐದು ವಾರ ಆಗುವಷ್ಟರಲ್ಲಿ ಪಶುವೈದ್ಯರು ನಮಗೆ ನೋಡುವುದನ್ನು ಕಲಿಸಿದರು. ಇದು ಇವತ್ತು ನೀವು ಮನೆಗೆ ಒಯ್ಯಲೇಬೇಕಾದ ವಿದ್ಯೆ. ಮರಿಯನ್ನು ಅಂಗೈಯಲ್ಲಿ ಮೆಲ್ಲಗೆ ಎತ್ತಿ, ಕೆಳಗೆ ಮೆತ್ತನೆಯ ಬಟ್ಟೆ ಇರಲಿ, ಬಾಲದ ಬುಡ ನೋಡಿ. ಅಲ್ಲಿ ಎರಡು ರಂಧ್ರಗಳಿವೆ. ಹೆಣ್ಣಿನಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಂತೆ ಹತ್ತಿರ. ಗಂಡಿನಲ್ಲಿ ನಡುವೆ ಅಂತರ ಹೆಚ್ಚು, ಆ ಅಂತರದಲ್ಲಿ ಕೂದಲು ಕಾಣುತ್ತದೆ. ಒಂದನ್ನೇ ನೋಡಿದರೆ ತಿಳಿಯುವುದಿಲ್ಲ. ಒಂದೇ ಸೂಲಿನ ಎರಡು ಮೂರನ್ನು ಅಕ್ಕಪಕ್ಕ ಹಿಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹೆಣ್ಣಿನ ಹೊಟ್ಟೆಯಲ್ಲಿ ಎರಡು ಸಾಲು ಮೊಲೆತೊಟ್ಟುಗಳು ಚುಕ್ಕೆಗಳಂತೆ ಕಾಣುತ್ತವೆ. ಬೆಳೆದ ಗಂಡಿನ ಹಿಂಭಾಗ ಬೀಜಗಳಿಂದಾಗಿ ಚೂಪಾಗಿ ಉಬ್ಬಿರುತ್ತದೆ, ಹೆಣ್ಣಿನದು ಗುಂಡಗೆ. ಆದರೆ ಚಳಿ ಇದ್ದಾಗ ಬೀಜಗಳು ಒಳಗೆ ಸರಿದುಬಿಡುತ್ತವೆ. ವಿಜಯಪುರದ ಏಪ್ರಿಲ್‌ನಲ್ಲಿ ದೂರದಿಂದಲೇ ಹೇಳಬಹುದಾದದ್ದು ಬೆಳಗಾವಿಯ ಜುಲೈನಲ್ಲಿ ಕೈಯಲ್ಲಿ ಹಿಡಿದರೂ ಗೊತ್ತಾಗದೆ ಹೋಗಬಹುದು. ಎಳೆಯ ಗಂಡು ಹೆಣ್ಣಿನಂತೆ ಕಾಣುವುದೇ ಹೆಚ್ಚು, ಆದ್ದರಿಂದ ಬೇಗ ಎಣಿಸಿದ ಲೆಕ್ಕ ಹೆಣ್ಣಿನ ಕಡೆಗೆ ವಾಲುತ್ತದೆ. ಒಂದು ಸುಲಭದ ಗುರುತೂ ಇದೆ: ಕಪ್ಪು ಮತ್ತು ಹಳದಿ ತೇಪೆ ಹಾಕಿದಂಥ ಬಣ್ಣದ ಬಂಗಾರದ ಹ್ಯಾಮ್‌ಸ್ಟರ್ ಕಂಡರೆ ಅದು ಹೆಣ್ಣು. ಆ ಹಳದಿಯ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ, ತೇಪೆ ಮೂಡಲು ಎರಡು ಎಕ್ಸ್ ಬೇಕು. ಮೂರು ಬಣ್ಣದ ಬೆಕ್ಕುಗಳಲ್ಲಿಯೂ ಇದೇ ಗುಟ್ಟು.

ಆರರ ಸೂಲಿನಲ್ಲಿ ಮೂರು-ಮೂರು. ಒಂಬತ್ತರಲ್ಲಿ ಆರು ಹೆಣ್ಣು, ಮೂರು ಗಂಡು. ಏಳರಲ್ಲಿ ಎರಡು ಹೆಣ್ಣು, ಐದು ಗಂಡು. ಮೊದಲಿನ ಎಂಟೂ ಸೇರಿ 30 ಮರಿ, 16 ಹೆಣ್ಣು, 14 ಗಂಡು. ಐದು ಗಂಡು ಬಂದ ಸೂಲಿನ ಬಗ್ಗೆ ಮೊಮ್ಮಗಳು ಯಾವ ಕಾರಣವನ್ನೂ ಹುಡುಕಲಿಲ್ಲ. ಬರೆದುಕೊಂಡು ಪುಟ ತಿರುಗಿಸಿದಳು.

ಹಾಗಾದರೆ ನಿಜವಾಗಿ ಓರೆಯಾಗಿರುವುದನ್ನು ತಿಳಿಯಲು ಎಷ್ಟು ಮರಿ ಎಣಿಸಬೇಕು? 50 ಮರಿ ಎಣಿಸಿದರೆ 18ರಿಂದ 32ರವರೆಗೆ ಎಷ್ಟು ಹೆಣ್ಣು ಬಂದರೂ ಅದೃಷ್ಟದ ಆಟವೆಂದೇ ತಿಳಿಯಿರಿ. 1,000 ಎಣಿಸಿದರೆ ಆ ಹರವು ಸುಮಾರು 470ರಿಂದ 530ಕ್ಕೆ ಕುಗ್ಗುತ್ತದೆ. ಮನುಷ್ಯರಲ್ಲಿ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ ಎಂಬ ಸಣ್ಣ ಓರೆ ಕಂಡದ್ದೂ ದೊಡ್ಡ ಲೆಕ್ಕದಲ್ಲಿಯೇ. 1710ರಲ್ಲಿ ಜಾನ್ ಆರ್ಬತ್‌ನಟ್ ಎಂಬ ವೈದ್ಯ ಲಂಡನ್ನಿನ 82 ವರ್ಷಗಳ ನಾಮಕರಣದ ದಾಖಲೆ ತೆಗೆದ. ಮೊದಲ ವರ್ಷ 1629ರಲ್ಲಿ ಗಂಡು 5,218, ಹೆಣ್ಣು 4,683. ಮುಂದಿನ ಒಂದೊಂದು ವರ್ಷವೂ ಗಂಡೇ ಹೆಚ್ಚು. ನಾಣ್ಯ 82 ಸಲ ಒಂದೇ ಮುಖ ಬೀಳುವುದುಂಟೇ ಎಂದು ಕೇಳಿ, ಇದು ದೇವರ ಕೈವಾಡ ಎಂದು ತೀರ್ಮಾನಿಸಿದ. ತೀರ್ಮಾನ ಏನೇ ಇರಲಿ, ಲೆಕ್ಕ ಹಾಕಿದ ಕ್ರಮ ಇಂದಿಗೂ ನಮ್ಮ ಪಠ್ಯಗಳಲ್ಲಿದೆ.

ನಮ್ಮ ದೇಶದ ಜನಗಣತಿಯಲ್ಲಿ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 1991ರಲ್ಲಿ 945 ಇದ್ದರು. 2001ರಲ್ಲಿ 927. ಅದು ಒಂದು ಪಂಜರದ ಲೆಕ್ಕವಲ್ಲ, ಕೋಟ್ಯಂತರ ಮಕ್ಕಳ ಲೆಕ್ಕ. ಅಲ್ಲಿ ನಾಣ್ಯದ ನೆಪ ನಡೆಯುವುದಿಲ್ಲ. ಸ್ಕ್ಯಾನಿಂಗ್ ಕೇಂದ್ರಗಳಲ್ಲಿ 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಎಂದು ಫಲಕ ಹಾಕಿರುವುದೇಕೆ, 1994ರಲ್ಲಿ ಕಾನೂನು ತಂದದ್ದೇಕೆ ಎಂದು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ತಪ್ಪು ತಿಳಿವಳಿಕೆಯನ್ನು ಮಾತ್ರ ತೆಗೆಯುತ್ತೇನೆ. 'ಗಂಡಾಗುವವರೆಗೆ ಹೆರುತ್ತಾ ಹೋಗುವುದರಿಂದ ಹೆಣ್ಣು ಹೆಚ್ಚುತ್ತವೆ' ಎಂದು ಕೆಲವರು, 'ಗಂಡು ಹೆಚ್ಚುತ್ತವೆ' ಎಂದು ಕೆಲವರು ವಾದಿಸುತ್ತಾರೆ. ನಾಣ್ಯದ ಲೆಕ್ಕದಲ್ಲಿ ಎರಡೂ ಸುಳ್ಳು. ಸಾವಿರ ಮನೆಗಳಲ್ಲಿ ಗಂಡಾದ ಕೂಡಲೇ ನಿಲ್ಲಿಸುತ್ತಾರೆ ಎನ್ನಿ. ಕೊನೆಗೆ ಗಂಡು ಸಾವಿರ. ಹೆಣ್ಣು? ಮೊದಲ ಹೆರಿಗೆಯಲ್ಲಿ 500, ಆ ಮನೆಗಳ ಎರಡನೆಯದರಲ್ಲಿ 250, ಆಮೇಲೆ 125, ಹೀಗೆ ಕೂಡುತ್ತಾ ಹೋದರೆ ಅದೂ ಸಾವಿರ. ನಿಲ್ಲಿಸುವ ನಿಯಮ ಮನೆಯ ಗಾತ್ರವನ್ನು ಬದಲಿಸುತ್ತದೆ, ಹುಟ್ಟಿನ ಅನುಪಾತವನ್ನು ಬದಲಿಸುವುದಿಲ್ಲ. ಹೆಣ್ಣುಮರಿ ಸಿಗುವವರೆಗೆ ಹ್ಯಾಮ್‌ಸ್ಟರ್ ಈಯಿಸುತ್ತೇನೆ ಎಂದು ಹೊರಟವರಿಗೂ ಇದೇ ಲೆಕ್ಕ.

ಇನ್ನು ಪ್ರಶ್ನೆಗಳು.

ಒಬ್ಬ ಯುವಕರು ಕೇಳಿದರು: "ಸರ್, ಬಿಸಿಲಿಗೂ ಲಿಂಗಕ್ಕೂ ಸಂಬಂಧ ಇದೆ ಎಂದು ಓದಿದ್ದೇನೆ. ವಿಜಯಪುರದ ಬೇಸಿಗೆಯಲ್ಲಿ ಹುಟ್ಟಿದ ಮರಿಗಳು ಬೇರೆಯಾಗುತ್ತವೆಯೇ?" ನೀವು ಓದಿದ್ದು ಮೊಸಳೆಯ ಬಗ್ಗೆ ಇರಬೇಕು. ಕೃಷ್ಣಾ ನದಿಯ ದಂಡೆಯ ಮರಳಿನಲ್ಲಿ ಮೊಸಳೆ ಇಟ್ಟ ಮೊಟ್ಟೆಗೆ ಗಂಡು ಹೆಣ್ಣಿನ ವರ್ಣತಂತು ಇಲ್ಲ, ಗೂಡಿನ ಶಾಖವೇ ತೀರ್ಮಾನಿಸುತ್ತದೆ. ಸುಮಾರು 32 ಡಿಗ್ರಿಯ ಆಸುಪಾಸಿನಲ್ಲಿ ಗಂಡು ಹೆಚ್ಚು, ಅದಕ್ಕಿಂತ ತಂಪಿದ್ದರೆ ಹೆಣ್ಣು. ಹ್ಯಾಮ್‌ಸ್ಟರ್ ಮರಿಯ ಲಿಂಗ ಗರ್ಭ ಕಟ್ಟುವ ಗಳಿಗೆಯಲ್ಲೇ ವರ್ಣತಂತುವಿನಿಂದ ಆಗಿಹೋಗಿರುತ್ತದೆ. ವಿಜಯಪುರದ ಬಿಸಿಲು ಅದರ ಲಿಂಗ ಬದಲಿಸುವುದಿಲ್ಲ, ಜೀವ ತೆಗೆಯುತ್ತದೆ. 40 ಡಿಗ್ರಿಯ ದಿನ ಪಂಜರವನ್ನು ತಗಡಿನ ಮಾಡಿನ ಕೆಳಗೆ ಇಡಬೇಡಿ.

ಹುಕ್ಕೇರಿ ಕಡೆಯ ಹೈನುಗಾರರೊಬ್ಬರು, "ಈಗ ಹೆಣ್ಣುಗರುವೇ ಹುಟ್ಟುವ ವೀರ್ಯ ನಳಿಕೆ ಕೊಡುತ್ತಾರಲ್ಲ, ಅದು ನಿಮ್ಮ ಅರ್ಧಕ್ಕರ್ಧವನ್ನು ಸುಳ್ಳು ಮಾಡಲಿಲ್ಲವೇ?" ಎಂದರು. ಮಾಡಿದೆ, ಸ್ವಾಮಿ. ಆಕಳ ತಳಿಯಲ್ಲಿ ಎಕ್ಸ್ ಹೊತ್ತ ವೀರ್ಯಾಣುವಿನಲ್ಲಿ ಡಿಎನ್ಎ ಸುಮಾರು ಶೇ 4ರಷ್ಟು ಹೆಚ್ಚು. ಆ ವ್ಯತ್ಯಾಸವನ್ನು ಯಂತ್ರ ಗುರುತಿಸಿ ಬೇರ್ಪಡಿಸುತ್ತದೆ, ಹತ್ತರಲ್ಲಿ ಒಂಬತ್ತು ಹೆಣ್ಣುಗರು ಬರುತ್ತವೆ. ಅಲ್ಲಿ ನಾಣ್ಯವನ್ನು ಚಿಮ್ಮಿಸುವ ಮೊದಲೇ ಯಾರೋ ಆರಿಸಿ ಇಟ್ಟಿದ್ದಾರೆ. ನೀವು ಅದಕ್ಕೆ ದುಡ್ಡು ಕೊಡುತ್ತೀರಿ. ಆದರೂ ಹತ್ತನೆಯದು ಹೋರಿಗರು ಆದಾಗ ಡಾಕ್ಟರರೊಡನೆ ಜಗಳಕ್ಕೆ ಹೋಗಬೇಡಿ.

ಕೊನೆಯದಾಗಿ ಗೋಕಾಕದಿಂದ ಬಂದಿದ್ದ ಒಬ್ಬ ತಾಯಿ ಎದ್ದು ನಿಂತರು. ಮಗನಿಗೆಂದು ಕಳೆದ ವಾರ ಎರಡು ಹ್ಯಾಮ್‌ಸ್ಟರ್ ತಂದಿದ್ದಾರೆ, ಎರಡೂ ಹೆಣ್ಣು, ಒಂದೇ ಪಂಜರದಲ್ಲಿವೆ, ಬೆಳೆದ ಮೇಲೆ ಜಗಳವಾಡುತ್ತವೆಯೇ ಎಂದು ಕೇಳಿದರು. ಆಡುತ್ತವೆ, ಬಂಗಾರದ ಹ್ಯಾಮ್‌ಸ್ಟರ್ ಒಂಟಿ ಜೀವಿ, ಬೇರೆ ಬೇರೆ ಇಡಿ ಎಂದೆ. ಹೆಣ್ಣು ಎಂದು ಹೇಳಿದವರು ಯಾರು ಎಂದೂ ಕೇಳಿದೆ. "ಅಂಗಡಿಯ ಕಾಕಾ" ಎಂದರು. ಸಭೆ ನಕ್ಕಿತು. ಅವರು ಮೊಬೈಲ್ ತೆಗೆದು, ಮಗ ಒಂದನ್ನು ಅಂಗೈಯಲ್ಲಿ ಅಂಗಾತ ಹಿಡಿದಿದ್ದ ಫೋಟೊ ತೋರಿಸಿದರು. ನಾನು ಕನ್ನಡಕ ಹುಡುಕುತ್ತಿದ್ದೆ. ಅಷ್ಟರಲ್ಲಿ ನನ್ನ ಮೊಮ್ಮಗಳು ಹಿಂದಿನಿಂದ ಬಗ್ಗಿ ನೋಡಿ, ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ ಹೇಳಿದಳು: "ಆಂಟಿ, ಮಗನಿಗೆ ಈಗಲೇ ಫೋನ್ ಮಾಡಿ. ನೀವು ಗೋಕಾಕ ಮುಟ್ಟುವವರೆಗೆ ಕಾಯುವುದು ಬೇಡ."